ಬಾಯಿ ಮುಚ್ಚಿದ ಬಾವಲಿ

"ಗುಹೆಯಿಂದ ಸಾವಿರಾರು ಬಾವಲಿ ಒಟ್ಟಿಗೆ ಹೊರಡುತ್ತವೆ. ನಡುವಿನ ಒಂದು ಬಾವಲಿ ಕೂಗೋದು ನಿಲ್ಲಿಸಿದರೆ ಏನಾಗುತ್ತೆ?" ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು.

ಸಮಿತಿಯ ಎದುರು ನಿಂತಿದ್ದ ಅವಳು ಯೋಚಿಸಿದಳು. ತಾನು ಕೂಗಿದ ಸದ್ದು ಮರಳಿ ಬಂದರೆ ತಾನೇ ಬಾವಲಿಗೆ ದಾರಿ? ಪಿಎಚ್‌ಡಿಯ ಪ್ರಾಥಮಿಕ ಪರೀಕ್ಷೆಯಲ್ಲಿ ಇದು ಅವಳ ಎರಡನೆಯ ಸರದಿ, ಮೂರನೆಯದಕ್ಕೆ ನಿಯಮದಲ್ಲಿ ಜಾಗವಿಲ್ಲ. ಇಂದು ಸಮಿತಿ ಒಪ್ಪದಿದ್ದರೆ ಸಂಶೋಧನೆ ಇಲ್ಲಿಗೇ ಮುಗಿಯಿತು, ಬಿಟ್ಟುಬಂದ ಶಾಲೆಯಲ್ಲಿ ಮತ್ತೆ ಕೆಲಸ ಕೇಳಬೇಕು. ಹೋದ ಸಲ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಲು ಹೋಗಿ ಬಣ್ಣ ಬಯಲಾಗಿತ್ತು.

"ಗೊತ್ತಿಲ್ಲ ಸರ್," ಎಂದಳು.

ಹಾಗೆನ್ನುತ್ತಿದ್ದಂತೆಯೇ ಅವಳಿಗೇನೋ ಹೊಳೆಯಿತು. ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ನಡೆದಳು. "ಆದರೆ ಅದು ಬಿದ್ದೇ ಹೋಗುತ್ತೆ ಅಂತೇನಿಲ್ಲ. ಪಕ್ಕದವು ಕೂಗ್ತಾ ಇವೆಯಲ್ಲ, ಅವುಗಳ ಸದ್ದೂ ಬಂಡೆಗೆ ಬಡಿದು ಇದರ ಕಿವಿಗೆ ಬರುತ್ತೆ. ಅದನ್ನೇ ಕದ್ದು ಕೇಳಿಸಿಕೊಂಡರೆ..."

"ಹಾಗಾದ್ರೆ ಎಲ್ಲವೂ ಸುಮ್ಮನಿದ್ದುಬಿಡಬಹುದಲ್ಲ?"

"ಆಗ ಎಲ್ಲವೂ ಕುರುಡು, ಸರ್. ಎಷ್ಟು ಬಾವಲಿ ಸುಮ್ಮನಿರಬಹುದು ಅನ್ನೋದೇ ಪ್ರಶ್ನೆ."

"ಅರ್ಧ," ಎಂದರು ಅವಳ ಮಾರ್ಗದರ್ಶಕಿ.

"ಸಾಧ್ಯವೇ ಇಲ್ಲ ಮೇಡಂ," ಎಂದು ಪರೀಕ್ಷಕರು ಎದ್ದು ಬಂದು ತಾವೂ ಒಂದು ಗೆರೆ ಎಳೆದರು. ಸಮಿತಿಯ ಉಳಿದಿಬ್ಬರೂ ಕುರ್ಚಿ ಬಿಟ್ಟೆದ್ದರು. ತೀರ್ಮಾನಕ್ಕಾಗಿ ಹೊರಗೆ ಕಾಯಲು ಹೇಳಿದಾಗ ಅವಳಿಗೆ ಹೋಗಲು ಮನಸ್ಸೇ ಇರಲಿಲ್ಲ.

ಹೊಲಿಗೆ ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದಿದ್ದ ಅಕ್ಕ ಬೆಂಚಿನಿಂದ ಎದ್ದಳು. "ಏನಾಯ್ತೇ?"

"ಒಳಗೆ ಜಗಳ ಆಡ್ತಿದಾರೆ."

"ನಿನ್ ವಿಷಯಕ್ಕಾ?"

"ಬಾವಲಿ ವಿಷಯಕ್ಕೆ."

"ಅದು ಹಾಳಾಗ್ಲಿ, ನಿನ್ನ ಪಾಸು ಮಾಡ್ತಾರಂತಾ?"

"ಅಯ್ಯೋ, ಅದು ಮರೆತೇಹೋಗಿತ್ತು ಕಣೇ." ಹಾಗೆಂದು ಮುಚ್ಚಿದ ಬಾಗಿಲ ಕಡೆ ತಿರುಗಿದಳು. ಅಕ್ಕ ಅವಳನ್ನು ಕೂರಿಸಿ, ಭುಜದ ಮೇಲೆ ಕೈಯಿಟ್ಟಳು.

ಬಾಗಿಲು ತೆರೆಯಿತು. ಮಾರ್ಗದರ್ಶಕಿಯ ಕೂದಲಿನ ಮೇಲೂ ಸೀಮೆಸುಣ್ಣದ ಪುಡಿ. "ಪಾಸಾದೆ. ಎಲ್ಲರೂ ಒಪ್ಪಿದ್ರು, ಅದಕ್ಕೆ ಹೊತ್ತೇನೂ ಹಿಡೀಲಿಲ್ಲ. ಬಾ ಒಳಗೆ, ಆ ಮನುಷ್ಯ 'ಅರ್ಧ' ಅನ್ನೋದನ್ನ ಇನ್ನೂ ಒಪ್ತಿಲ್ಲ."

ಅವಳು ಅಕ್ಕನ ಕೈಯನ್ನೊಮ್ಮೆ ಬಿಗಿಯಾಗಿ ಹಿಡಿದು, ಬಿಟ್ಟು, ಓಡಿದಳು.

ಬಾಗಿಲು ಹಾಕಲು ಯಾರಿಗೂ ನೆನಪಾಗಲಿಲ್ಲ. ಅಕ್ಕ ಬೆಂಚಿನಿಂದಲೇ ಕತ್ತು ಚಾಚಿ ನೋಡಿದಳು. ತಂಗಿ ಹಲಗೆಯ ಮೇಲಿದ್ದ ಪರೀಕ್ಷಕರ ಗೆರೆಯನ್ನು ಅಂಗೈಯಲ್ಲಿ ಒರೆಸಿಹಾಕುತ್ತಿದ್ದಳು. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಿದ್ದರು.