ಒಂದೇ ಹುಡುಗ, ಎರಡು ಪೆಟ್ಟು

ಶನಿವಾರ ನನ್ನ ಅಂಗಡಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಮರುದಿನ ಚರ್ಚಿಗೆ ಹೋಗುವ ಹೆಂಗಸರೆಲ್ಲ ತಲೆ ಬಾಚಿಸಿಕೊಳ್ಳಲು ಬಂದು, ತಮ್ಮ ಸರದಿ ಬರುವವರೆಗೆ ಊರಿನವರನ್ನೆಲ್ಲ ಬಾಯಲ್ಲಿ ಹಾಕಿಕೊಂಡು ಅಗಿಯುತ್ತಿರುತ್ತಾರೆ. ಆ ಗದ್ದಲದ ನಡುವೆ ನಾನು ನನ್ನ ಅಕ್ಕ ವರ್ನೀಸಳ ಮಗಳು ಡೆಲ್ಫೀನಳನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಸಣ್ಣ ಸಣ್ಣ ಜಡೆಗಳನ್ನು ಬಿಚ್ಚುತ್ತಿದ್ದೆ. ಏಳನೇ ತರಗತಿಯ ಹುಡುಗಿ, ಬಾಯಿ ತೆರೆದರೆ ಮುಚ್ಚುವವಳಲ್ಲ. ಅವತ್ತು ಮಾತ್ರ ತುಟಿ ಬಿಚ್ಚಿರಲಿಲ್ಲ.

ತಲೆಯ ಹಿಂಭಾಗಕ್ಕೆ ಬಂದಾಗ ಬೆರಳಿಗೆ ಏನೋ ಚುಚ್ಚಿತು. ಮುರಿದ ಪೆನ್ಸಿಲ್ ಮೊನೆ. ಪಕ್ಕದ ಜಡೆಯ ಬುಡದಲ್ಲಿ ಎಂಜಲು ಹಚ್ಚಿ ಉಂಡೆ ಮಾಡಿದ ಕಾಗದ. ಅದರ ಕೆಳಗೆ ಇನ್ನೊಂದು.

"ಇದೇನೇ ಇದು, ತಲೇಲಿ ಪೆನ್ಸಿಲ್ ಅಂಗಡಿ ಇಟ್ಟಿದೀಯಾ?" ಎಂದೆ.

ಹೇರ್ ಡ್ರೈಯರಿನ ಕೆಳಗೆ ಕೂತಿದ್ದ ಮುದುಕಿ ಮಿಸ್ ಯೂಲಾ ಗಹಗಹಿಸಿ ನಕ್ಕಳು. ಡೆಲ್ಫೀನ್ ನಗಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ಕಂಡು ನಾನು ಬಾಚಣಿಗೆ ಕೆಳಗಿಟ್ಟೆ.

"ಅದೊಂದು ಆಟ, ಆಂಟಿ. ಟ್ರೆವರ್ ಶುರು ಮಾಡಿದ್ದು. ನನ್ನ ಹಿಂದೆ ಕೂತ್ಕೊಂಡು ಎಸೀತಿದ್ದ. ಯಾರು ಎಸೆದಿದ್ದು ಅಂಟ್ಕೊಳ್ಳತ್ತೋ ಅವರು ಗೆದ್ದ ಹಾಗೆ."

"ಟೀಚರಿಗೆ ಹೇಳಲಿಲ್ವಾ?"

"ಹೇಳ್ದೆ. ಗಮನ ಕೊಡಬೇಡ ಅಂದ್ರು. ಮತ್ತೆ ಹೇಳ್ದೆ. ನನ್ನ ಜಾಗ ಬದಲಾಯಿಸಿದ್ರು."

"ನಿನ್ನ ಜಾಗಾನಾ?"

"ಹೂಂ. ಈಗ ನಾನು ಬಾಗಿಲ ಹತ್ರ, ಒಬ್ಬಳೇ."

ಸಿಟಿ ಬಸ್ ಓಡಿಸುವ ವರ್ನೀಸ್ ಪಾಳಿ ಮುಗಿಸಿ ಬಂದಾಗ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡುವವಳಲ್ಲ. ಸಿಟ್ಟು ಬಂದರೆ ಇನ್ನೂ ಮೆತ್ತಗೆ ಮಾತಾಡುತ್ತಾಳೆ. ಸೋಮವಾರ ಬೆಳಿಗ್ಗೆ ಶಾಲೆಗೆ ಫೋನ್ ಮಾಡಿದಳು. ವಾರದ ಕೊನೆಗೆ ಬಂದು ನೋಡಿ ಅಂದರು.

ವಾರದ ಕೊನೆ ಬರಲೇ ಇಲ್ಲ. ಮಂಗಳವಾರ ಶಾಲೆಯ ಊಟದ ಕೋಣೆಯಲ್ಲಿ ಟ್ರೆವರ್ ಹಿಂದಿನಿಂದ ಬಂದು, ನಾನು ಹೊಸದಾಗಿ ಹೆಣೆದಿದ್ದ ಜಡೆಗಳ ನಡುವೆ ಬಾಯಲ್ಲಿದ್ದ ಚೂಯಿಂಗ್ ಗಮ್ ಒತ್ತಿದ. ಡೆಲ್ಫೀನ್ ಎದ್ದವಳೇ ಎರಡೂ ಕೈಯಲ್ಲಿ ಅವನನ್ನು ತಳ್ಳಿದಳು. ಅವನು ಬೆಂಚಿಗೆ ಎಡವಿ ಬಿದ್ದ, ಮೊಣಕೈ ತರಚಿತು. ಶಾಲೆಯಲ್ಲೇ ಕಾವಲಿಗಿರುವ ಪೊಲೀಸಿನವನು ಬಂದು ಎಲ್ಲರೆದುರಿಗೆ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಹತ್ತು ದಿನ ಶಾಲೆಗೆ ಬರುವಂತಿಲ್ಲ, ಕಾರಣ ಹಲ್ಲೆ. ಟ್ರೆವರನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿ ಕ್ಲಾಸಿಗೆ ಕಳಿಸಿದರು.

ಈ ಶಿಕ್ಷೆ ಕೊಟ್ಟವರು ನಮ್ಮವರೇ. ಉಪ ಪ್ರಿನ್ಸಿಪಾಲ್ ಪ್ರೂಯಿಟ್, ನಮ್ಮ ಹಾಗೇ ಕಪ್ಪು ಬಣ್ಣದವರು, ನಮ್ಮದೇ ಚರ್ಚಿನ ಗಾಯಕರ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುವವರು. ವರ್ನೀಸಳ ಜೊತೆ ನಾನೂ ಡೆಲ್ಫೀನಳೂ ಅವರ ಕೋಣೆಗೆ ಹೋದೆವು.

"ಸಿಸ್ಟರ್ ವರ್ನೀಸ್, ನಿಯಮ ಅಂದ್ರೆ ನಿಯಮ. ಕೈ ಮಾಡಿದ್ರೆ ಮನೆಗೆ," ಅಂದರು, ಚರ್ಚಿನಲ್ಲಿ ಕರೆಯುವ ಹಾಗೆಯೇ ಕರೆದು.

"ಅವನು ಕೈ ಮಾಡ್ಲಿಲ್ವಾ? ಗಮ್ ತಾನಾಗೇ ಹಾರಿ ಬಂದು ಕೂತ್ಕೊಂಡ್ತಾ?"

"ಅದು ತುಂಟಾಟ. ಇದು ಹಲ್ಲೆ." ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. "ನನ್ನ ಮಾತು ಕೇಳಿ. ತಪ್ಪು ಒಪ್ಕೊಂಡ್ರೆ ಅರ್ಧಕ್ಕೆ ಇಳಿಸ್ತೀನಿ. ವಿಚಾರಣೆ ಬೇಕು ಅಂತ ಕೂತ್ರೆ, ಮೇಲಿನವರು ಅವಳನ್ನ ಪುಂಡ ಮಕ್ಕಳ ಶಾಲೆಗೇ ಕಳಿಸಬಹುದು."

ಕಾರಿನಲ್ಲಿ ಡೆಲ್ಫೀನ್ ಅಳುತ್ತ, "ಒಪ್ಕೊಂಡ್ಬಿಡೋಣಮ್ಮ. ನಂಗೆ ಆ ಶಾಲೆಗೆ ಹೋಗೋಕೆ ಭಯ," ಅಂದಳು.

ವರ್ನೀಸ್ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದಳು. "ನೋಡು ಪುಟ್ಟಿ, ತಳ್ಳಿದ್ದನ್ನ ಒಪ್ಕೋ. ಅದು ನಿಂದೇ. ಹಲ್ಲೆ ಅನ್ನೋ ಮಾತು ಮಾತ್ರ ಒಪ್ಕೋಬೇಡ. ಅದು ಇವತ್ತು ನಿನ್ನ ಹೆಸರಿಗೆ ಅಂಟಿದ್ರೆ, ನೀನು ಎಲ್ಲಿ ಹೋದ್ರೂ ನಿನಗಿಂತ ಮುಂಚೆ ಅದು ಹೋಗಿ ಬಾಗಿಲಲ್ಲಿ ನಿಂತಿರತ್ತೆ."

ವಿಚಾರಣೆ ಬೇಕೆಂದು ಬರೆದುಕೊಟ್ಟಳು.

ಡೆಲ್ಫೀನ್ ಹಗಲೆಲ್ಲ ನನ್ನ ಅಂಗಡಿಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂರತೊಡಗಿದಳು. ಒಂದು ಮಧ್ಯಾಹ್ನ ಶಾಲೆ ಬಿಟ್ಟ ಹೊತ್ತಿಗೆ ಬಾಗಿಲು ತೆರೆದು ಒಬ್ಬ ಬಿಳಿಯ ಹುಡುಗಿ ಒಳಗೆ ಬಂದಳು. ಕೆಂಚು ಕೂದಲು, ಮುಖದ ತುಂಬ ಮಚ್ಚೆ. ಅಂಗಡಿಯ ತಲೆಗಳೆಲ್ಲ ಅತ್ತ ತಿರುಗಿದವು.

"ದಾರಿ ತಪ್ಪಿ ಬಂದ್ಯಾ ಮಗು?" ಎಂದಳು ಮಿಸ್ ಯೂಲಾ. "ಇಲ್ಲ ನಿಂಗೂ ಜಡೆ ಹೆಣೀಬೇಕಾ? ಹಿಡಿಯಷ್ಟೂ ಇಲ್ವಲ್ಲೇ!"

ಹುಡುಗಿ ಕೆಂಪಾದಳು. "ನಾನು ಬ್ರಿಜಿಟ್. ಡೆಲ್ಫೀನ್ ಕ್ಲಾಸು. ಹೋಮ್‌ವರ್ಕ್ ತಂದಿದೀನಿ." ಸ್ವಲ್ಪ ನಿಂತು ಮುಂದುವರಿಸಿದಳು. "ಇನ್ನೊಂದು ವಿಷಯ ಹೇಳ್ಬೇಕಿತ್ತು."

ಚಳಿಗಾಲದ ರಜೆಗೆ ಮುಂಚೆ ಅದೇ ಟ್ರೆವರ್ ದಿನಾ ಅವಳ ಒಳ ಅಂಗಿಯ ಪಟ್ಟಿ ಎಳೆದು ಬಿಡುತ್ತಿದ್ದನಂತೆ. ಒಂದು ದಿನ ತಡೆಯಲಾರದೆ ಅವಳು ವಿಜ್ಞಾನದ ಪುಸ್ತಕದಿಂದ ಅವನ ಮುಖಕ್ಕೆ ಬಾರಿಸಿದ್ದಳು.

"ಮೂಗಲ್ಲಿ ರಕ್ತ ಬಂತು. ಅಂಗಿಯೆಲ್ಲ ಆಯ್ತು."

"ನಿಂಗೆ ಏನು ಶಿಕ್ಷೆ ಕೊಟ್ರು?" ಎಂದು ಕೇಳಿದೆ.

"ಮಿಸ್ಟರ್ ಪ್ರೂಯಿಟ್ ಒಂದು ಲೋಟ ನೀರು ಕೊಟ್ಟು ಸಮಾಧಾನ ಮಾಡ್ಕೋ ಅಂದ್ರು. ಒಂದು ದಿನ ಊಟದ ಹೊತ್ತಲ್ಲಿ ಲೈಬ್ರರೀಲಿ ಕೂರಿಸಿದ್ರು. ಅಷ್ಟೇ." ಅವಳ ದನಿ ಇಳಿಯಿತು. "ಅವಳು ಬರೀ ತಳ್ಳಿದ್ದು. ನಾನು ನೋಡ್ದೆ."

ಮಿಸ್ ಯೂಲಾ ಸರಿದು ಅವಳಿಗೆ ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

ಆ ಸಂಜೆಯೇ ನಾನೂ ವರ್ನೀಸಳೂ ಬ್ರಿಜಿಟ್ ಮನೆಗೆ ಹೋದೆವು. ತಾಯಿ ಜೋಲೀನ್ ಬಾಗಿಲನ್ನು ಅರ್ಧವೇ ತೆರೆದಳು. ದಿನಸಿ ಅಂಗಡಿಯ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ.

"ಅದು ಮುಗಿದ ಕತೆ," ಅಂದಳು. "ಈಗ ಕೆದಕಿದ್ರೆ ನನ್ನ ಮಗಳನ್ನೂ ಹೊರಗೆ ಹಾಕ್ತಾರೆ. ನಿಮ್ಮ ಕಷ್ಟ ಅರ್ಥ ಆಗತ್ತೆ, ಆದ್ರೆ ಅವಳನ್ನ ಇದಕ್ಕೆ ಎಳೀಬೇಡಿ."

"ನಿಮ್ಮ ಮಗಳಿಗೆ ಶಿಕ್ಷೆ ಆಗ್ಲಿ ಅಂತ ನಾನು ಬಂದಿಲ್ಲ, ಮೇಡಂ," ಅಂದಳು ವರ್ನೀಸ್. "ಅವಳಿಗೆ ಒಂದು ಲೋಟ ನೀರು ಕೊಟ್ಟಿದ್ದು ಸರಿಯಾಗೇ ಇದೆ. ನನ್ನ ಮಗಳಿಗೂ ಅದೇ ಕೊಡಬೇಕಿತ್ತು. ನಾನು ಕೇಳೋದು ಇಷ್ಟೇ."

ಜೋಲೀನ್ ತಲೆ ತಗ್ಗಿಸಿ ಹಿಂದೆ ಸರಿದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

"ಬರಲ್ಲ ಇವಳು," ಅಂದೆ ದಾರಿಯಲ್ಲಿ.

"ಬರದಿದ್ರೆ ನಾನಿಲ್ವಾ? ನನ್ನ ಬಾಯಿ ಎಲ್ಲಿ ಹೋಗಿದೆ?" ಅಂದಳು ವರ್ನೀಸ್.

ವಿಚಾರಣೆಯ ದಿನ ಅವಳು ಬಸ್ಸಿನ ಸಮವಸ್ತ್ರದಲ್ಲೇ ಬಂದಳು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿಣಿ ಉದ್ದ ಮೇಜಿನ ತುದಿಯಲ್ಲಿ ಕೂತಿದ್ದಳು. ಪ್ರೂಯಿಟ್ ಘಟನೆಯನ್ನು ಹೇಳಿದರು. ನಡೆದದ್ದೇ ಹೇಳಿದರೂ ಕೇಳುವವರಿಗೆ ನಮ್ಮ ಹುಡುಗಿ ಯಾರೋ ರೌಡಿ ಅನ್ನಿಸುವಂತಿತ್ತು.

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?" ಎಂದು ಅಧಿಕಾರಿಣಿ ಡೆಲ್ಫೀನಳನ್ನು ಕೇಳಿದಳು.

ಡೆಲ್ಫೀನ್ ಎದ್ದು ನಿಂತಳು. "ತಳ್ಳಿದ್ದು ತಪ್ಪು, ಮೇಡಂ. ಆದ್ರೆ ತಳ್ಳೋ ಮುಂಚೆ ನಾನು ಹೇಳಿದ್ದೆ. ಹೇಳಿದ್ದಕ್ಕೆ ನನ್ನನ್ನೇ ಎಬ್ಬಿಸಿ ಬೇರೆ ಕಡೆ ಕೂರಿಸಿದ್ರು. ಇನ್ನು ಯಾರಿಗೆ ಹೇಳ್ಬೇಕಿತ್ತು?"

ಅಧಿಕಾರಿಣಿ ಉತ್ತರಿಸುವ ಮೊದಲೇ ಬಾಗಿಲು ತೆರೆಯಿತು. ಬ್ರಿಜಿಟ್ ಮುಂದೆ, ಹಿಂದೆ ಜೋಲೀನ್, ಅದೇ ಏಪ್ರನ್. ಓಡಿಕೊಂಡು ಬಂದಿದ್ದರಿಂದ ಏದುಸಿರು.

"ನನ್ನ ಮಗಳು ಒಂದು ಮಾತು ಹೇಳ್ಬೇಕಂತೆ. ರಾತ್ರಿಯಿಡೀ ನನ್ನ ತಲೆ ತಿಂದಿದಾಳೆ. ದಯವಿಟ್ಟು ಕೇಳಿ," ಅಂದಳು ಜೋಲೀನ್.

ಬ್ರಿಜಿಟ್ ಎಲ್ಲವನ್ನೂ ಹೇಳಿದಳು. ಪುಸ್ತಕ, ರಕ್ತ, ಲೈಬ್ರರಿ. ಅಧಿಕಾರಿಣಿ ಹುಬ್ಬು ಗಂಟಿಕ್ಕಿ, "ಇದಕ್ಕೂ ಇವತ್ತಿನ ವಿಷಯಕ್ಕೂ ಸಂಬಂಧ ಇಲ್ಲ," ಅಂದಳು.

ವರ್ನೀಸ್ ಅವಳ ಕಡೆ ನೋಡಲೇ ಇಲ್ಲ. "ಮಿಸ್ಟರ್ ಪ್ರೂಯಿಟ್, ಈ ಮಗು ಹೇಳಿದ್ದು ನಿಜಾನಾ?"

ಪ್ರೂಯಿಟ್ ಮುಂದಿದ್ದ ಕಡತ ಮುಚ್ಚಿ ಎದ್ದು ನಿಂತರು. ಕೆಲಸ ಕಣ್ಣ ಮುಂದೆ ಬಂತೋ, ಭಾನುವಾರ ನಮ್ಮೆಲ್ಲರ ಎದುರಿಗೆ ನಿಲ್ಲಬೇಕಾದ ಜಾಗ ಕಣ್ಣ ಮುಂದೆ ಬಂತೋ, ನನಗೆ ತಿಳಿಯದು.

"ನಿಜ," ಅಂದರು.

"ಹಾಗಾದ್ರೆ ಅವತ್ತು ನಿಮ್ಮ ನಿಯಮ ಎಲ್ಲಿಗೆ ಹೋಗಿತ್ತು?"

"ಅವತ್ತು ನನಗೆ ಕಂಡಿದ್ದು ಹೆದರಿದ ಹುಡುಗಿ. ಮೊನ್ನೆ ಕಂಡಿದ್ದು ಹೊಡೆದಾಡೋ ಹುಡುಗಿ." ಅವರ ದೊಡ್ಡ ದನಿ ಒಡೆಯಿತು. "ಇಬ್ಬರೂ ಅಳ್ತಾ ಇದ್ರು, ಸಿಸ್ಟರ್. ನಾನು ಒಬ್ಬಳ ಕಣ್ಣೀರು ಮಾತ್ರ ನೋಡ್ದೆ."

ಅಧಿಕಾರಿಣಿ ಅವರಿಗೆ ಕೂರಲು ಹೇಳಿದಳು. ಅವರು ಕೂರಲಿಲ್ಲ. "ಹಲ್ಲೆ ಅನ್ನೋದನ್ನ ತೆಗೀಬೇಕು. ಬರೆದಿದ್ದು ನಾನು, ತಪ್ಪು ನಂದು," ಅಂದರು.

ಅದನ್ನು ತೆಗೆದರು. ಬ್ರಿಜಿಟ್‌ಗೆ ಕೊಟ್ಟ ಶಿಕ್ಷೆಯನ್ನೇ ಡೆಲ್ಫೀನಳಿಗೂ ಕೊಟ್ಟರು. ಬ್ರಿಜಿಟ್ ಮೇಲೆ ಹೊಸದಾಗಿ ಏನೂ ಬರಲಿಲ್ಲ. ಟ್ರೆವರನನ್ನು ಬೇರೆ ಕ್ಲಾಸಿಗೆ ಹಾಕಿ, ಅವನ ಅಪ್ಪ ಅಮ್ಮನನ್ನು ಕರೆಸಿದರು. ಅವನಪ್ಪ ಕೂಗಾಡಿಕೊಂಡು ಹೋದನಂತೆ. ಹೋದ ಪಾಠಗಳನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ. ಡೆಲ್ಫೀನ್ ಗಣಿತದ ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಬರೆಯಬೇಕಾಯಿತು. ಕೆಲವು ಹುಡುಗರು ಅವಳನ್ನು ಕಂಡರೆ "ಲಾಯರಮ್ಮ ಬಂದ್ಲು" ಎಂದು ಅಣಕಿಸುತ್ತಿದ್ದರು. ಅವಳು ಮೊದಲಿನ ಜಾಗಕ್ಕೇ ಹೋಗಿ ಕೂತಳು.

ಗೆದ್ದೆವೆಂದು ನಾನು ಕೇಕ್ ತಂದರೆ ವರ್ನೀಸ್ ಚೂರೂ ಮುಟ್ಟಲಿಲ್ಲ. "ಇವಳಿಗೆ ನಾನಿದ್ದೆ. ಆ ಹುಡುಗಿ ಬಂದ್ಲು. ತಮಗೋಸ್ಕರ ಯಾರೂ ಬರದಿದ್ದ ಮಕ್ಕಳು ಎಲ್ಲಿಗೆ ಹೋದ್ರು, ಯೋಚನೆ ಮಾಡಿದೀಯಾ?" ಅಂದಳು.

ವಸಂತದಲ್ಲಿ ಒಂದು ದಿನ ಊರಿನ ಆಚೆ ತುದಿಯಿಂದ ಒಬ್ಬಳು ಮುದುಕಿ ಅಂಗಡಿಗೆ ಬಂದಳು. ತಲೆ ಮಾಡಿಸಿಕೊಳ್ಳಲು ಅಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

"ಬಸ್ ಓಡಿಸೋ ವರ್ನೀಸ್ ಇಲ್ಲಿ ಸಿಗ್ತಾಳೆ ಅಂದ್ರು. ಮಿಸ್ಟರ್ ಪ್ರೂಯಿಟ್ ಕಳಿಸಿದ್ರು. ನನ್ನ ಮೊಮ್ಮಗ ಟೀಚರಿಗೆ ಎದುರು ಮಾತಾಡ್ದ ಅಂತ ಹೊರಗೆ ಹಾಕಿದಾರೆ. ಪ್ರೂಯಿಟ್ ಬೇಡ ಅಂದ್ರೂ ಮೇಲಿನವರು ಕೇಳಿಲ್ವಂತೆ. ಗುರುವಾರ ವಿಚಾರಣೆ. ಅಂಥ ಕಡೆ ನಂಗೆ ಬಾಯೇ ಬರಲ್ಲಮ್ಮ."

ಪಾಳಿ ಮುಗಿಸಿ ಬಂದು ಶೂ ಬಿಚ್ಚಿ ಕಾಲು ನೀವಿಕೊಳ್ಳುತ್ತಿದ್ದ ವರ್ನೀಸ್ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ. ಹುಡುಗನ ಹೆಸರು ಹೇಳಿ. ಅವನು ಏನಂದ, ಅದಕ್ಕೆ ಮುಂಚೆ ಅವನಿಗೆ ಯಾರು ಏನಂದ್ರು, ಮೊದಲಿಂದ ಹೇಳಿ. ನಾವು ಕೇಳ್ತೀವಿ."

ಮಿಸ್ ಯೂಲಾ ಡ್ರೈಯರ್ ಆರಿಸಿ ಹತ್ತಿರ ಬಂದು ಕೂತಳು. ಡೆಲ್ಫೀನ್ ಮುದುಕಿಗೆ ನೀರು ತಂದಳು. ನಾನು ಜೋಲೀನ್‌ಗೆ ಫೋನ್ ಮಾಡಿದೆ.

ಗುರುವಾರ ಅಂಗಡಿಗೆ ಬೀಗ ಹಾಕಿ, ಅಜ್ಜಿಯನ್ನೂ ಮೊಮ್ಮಗನನ್ನೂ ನಡುವೆ ಕೂರಿಸಿಕೊಂಡು ಹೊರಟೆವು. ಕಾರು ಓಡಿಸಿದವಳು ಜೋಲೀನ್.