ವಾಲ್ವಿನ ತಲೆಗೆ ಕುಂಕುಮ

ಶೆಡ್ಡಿನಲ್ಲಿ ನನ್ನನ್ನು ‘ಇಡ್ಲಿ ಸದಾನಂದ’ ಅನ್ನುತ್ತಿದ್ದರು. ಅನ್ನಲಿ. ಉಡುಪಿ ಕಡೆಯವರು ಮದರಾಸಿಗೆ ಬಂದರೆ ಹೋಟೆಲಿಗೇ ಸೇರಬೇಕೆಂದು ಯಾವ ಬ್ರಹ್ಮ ಬರೆದಿಟ್ಟಿದ್ದಾನೆ? ಟ್ರಿಪ್ಲಿಕೇನಿನ ವಿಷ್ಣುಮೂರ್ತಿ ಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದನ್ನು ಬಿಟ್ಟು, ಮೌಂಟ್ ರೋಡಿನ ಹಿಂದಿನ ಕಾರ್ ಶೆಡ್ಡು ಸೇರಿ ಆರು ವರ್ಷವಾಗಿತ್ತು. ಸತ್ತರೂ ಆ ರುಬ್ಬುಗಲ್ಲಿನ ಮುಂದೆ ಮತ್ತೆ ಕೂರುವುದಿಲ್ಲ ಎಂದುಕೊಂಡಿದ್ದೆ.

ಅರವತ್ತನಾಲ್ಕರ ವಿಜಯದಶಮಿಯ ಬೆಳಿಗ್ಗೆ ಅದಕ್ಕೇ ಸಂಚಕಾರ ಬಂತು. ನಮ್ಮ ದೊಡ್ಡ ಗಿರಾಕಿ ಅಂಬುಜಮ್ಮನವರ ಅಮೆರಿಕನ್ ಕಾರಿನ ಎಂಜಿನ್ ಹೆಡ್ಡಿನ ತಳ ಸೊಟ್ಟಗಾಗಿತ್ತೆಂದು ಹೆರೆಸಿ ತಂದಿದ್ದೆವು. ಹೆರೆದ ಮೇಲೆ ಹೆಡ್ಡು ತಗ್ಗುತ್ತದೆ. ವಾಲ್ವಿನ ತಲೆ ಒತ್ತುವ ರಾಕರನ್ನು ಕೆಳಗಿನಿಂದ ನೂಕುವ ಪುಷ್‌ರಾಡು ಮಾತ್ರ ಅಷ್ಟೇ ಉದ್ದ ಉಳಿಯುತ್ತದೆ. ಅಳೆಯಬೇಕೋ ಬೇಡವೋ? ನಮ್ಮ ಫೋರ್‌ಮನ್ ಬದರಿನಾಥರು ಹಿಂದಿನ ದಿನ ಆಯುಧಪೂಜೆಗೆ ಇಟ್ಟಿದ್ದ ಹಳೇ ರಾಡುಗಳನ್ನು ಕಣ್ಣಿಗೊತ್ತಿಕೊಂಡು ಹಾಗೆಯೇ ಹಾಕಿಬಿಟ್ಟಿದ್ದರು.

“ಕಂಪನಿ ಸಾಮಾನು, ಪೂಜೆ ಬೇರೆ ಆಗಿದೆ. ಅದನ್ನ ಏನ್ ಪಾ ಅಳೆಯೋದು? ನಟ್ಟು ಸಡಿಲಿಸಿ ರಾಕರಿಗೂ ವಾಲ್ವಿಗೂ ನಡುವೆ ಗ್ಯಾಪು ಇಟ್ಟಿದೀನಿ, ಸೆರಿಯಾಗಿದೆ.”

ಮೇಲಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಪೂಜೆಯ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು ಎಣ್ಣೆಯಲ್ಲಿ ಕಲಸಿ ಒಂದು ವಾಲ್ವಿನ ತಲೆಗೆ ಹಚ್ಚಿದೆ. ಸ್ಪ್ಯಾನರ್ ಹಾಕಿ ಕೈಯಲ್ಲೇ ಎಂಜಿನ್ ಎರಡು ಸುತ್ತು ತಿರುಗಿಸಿ ರಾಕರ್ ಬಿಚ್ಚಿದೆ. ಅದು ಉಜ್ಜಿದ ಗೆರೆ ನಡುವೆ ಇರಬೇಕಿತ್ತು. ಇದ್ದದ್ದು ಹೊರ ಅಂಚಿನಲ್ಲಿ.

“ಅಯ್ಯೋ ಪಾಪಿ, ದೇವರ ಕುಂಕುಮ!” ಎಂದು ಬದರಿನಾಥರು ಕಿರುಚಿದರು.

“ದೇವರೇ ತೋರಿಸಿದ್ದಲ್ಲವಾ ಸಾರ್? ರಾಡು ಉದ್ದ ಉಂಟು. ಹೀಗೇ ಓಡಿಸಿದರೆ ವಾಲ್ವು ಪಕ್ಕಕ್ಕೆ ತಳ್ಳಿಸಿಕೊಂಡು ಸವೆಯುತ್ತದೆ. ನಟ್ಟು ಗ್ಯಾಪು ಸರಿ ಮಾಡೀತು, ಗೆರೆಯನ್ನಲ್ಲ.”

ಅಷ್ಟರಲ್ಲಿ ಅಂಬುಜಮ್ಮನವರು ಬಂದರು. ಎಲ್ಲರೂ ಕೈಕಟ್ಟಿ ನಿಂತರು. ಬದರಿನಾಥರು ನನ್ನ ಕೈಗೆ ಕೀ ತುರುಕಿದರು. “ಮುಚ್ಚಿ ಸ್ಟಾರ್ಟ್ ಮಾಡು. ಇಲ್ಲಾಂದ್ರೆ ನಿಂಗೆ ಮಾವನ ಹೋಟ್ಲೇ ಸೆರಿ.”

ನನಗೆ ಮೈಯೆಲ್ಲ ಉರಿಯಿತು. ಕೀಯನ್ನು ಅಂಬುಜಮ್ಮನವರ ಅಂಗೈಯಲ್ಲಿಟ್ಟೆ. “ಅಮ್ಮಾ, ಈ ಗೆರೆ ನಡುವಿಗೆ ಬರುವ ತನಕ ನಾನು ಸ್ಟಾರ್ಟ್ ಮಾಡುವುದಿಲ್ಲ.” ಅವರು ಬಗ್ಗಿ ವಾಲ್ವನ್ನು ನೋಡಿದರು, ಬದರಿನಾಥರನ್ನು ನೋಡಿದರು, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಿಕ್ಷಾ ಹತ್ತಿ ಹೊರಟುಹೋದರು. ಬದರಿನಾಥರು ನನಗೆ ಬಾಗಿಲು ತೋರಿಸಿದರು.

ಮತ್ತೆ ರುಬ್ಬುಗಲ್ಲು. “ನಿನಗೆ ಎಂತ ಬೇಕಿತ್ತು ಮಾರಾಯಾ? ಒಂದು ಕೀ ತಿರುಗಿಸಿದ್ದರೆ ಕೈ ಬಿದ್ದು ಹೋಗುತ್ತಿತ್ತಾ?” ಎಂದು ಮಾವ ಮೂರು ದಿನ ಬೈದರು. ಗುಂಡು ತಿರುಗಿಸುತ್ತ ಅಳು ಬಂದದ್ದು ನಿಜ. ಆದರೂ ತಪ್ಪಾಯಿತೆಂದು ಹೇಳಲು ಹೋಗಲಿಲ್ಲ.

ನಾಲ್ಕನೇ ದಿನ ಬದರಿನಾಥರು ಹೋಟೆಲಿಗೆ ಬಂದು ಮೂಲೆಯ ಮೇಜಿಗೆ ಕೂತರು. ಕಾಫಿ ಇಟ್ಟೆ. ಲೋಟಕ್ಕೆ ಚಾಚಿದ ಬೆರಳಿನ ಉಗುರುಸಂದಿಯಲ್ಲಿ ಎಣ್ಣೆ ಬೆರೆತ ಕುಂಕುಮವಿತ್ತು.

“ಹದಿನಾರು ವಾಲ್ವೂ ನೋಡಿದೆ,” ಎಂದರು ತಲೆಯೆತ್ತದೆ. “ಎಲ್ಲಾ ಅಂಚಲ್ಲೇ ಇದೆ ಪಾ. ರಾಡು ಎಷ್ಟು ಕಮ್ಮಿ ಮಾಡಬೇಕು?”

“ಅದನ್ನು ಶೆಡ್ಡಿನಲ್ಲಿ ಕೇಳಿ ಸಾರ್, ಎಲ್ಲರೆದುರು. ಬಾಗಿಲು ತೋರಿಸಿದ್ದು ಎಲ್ಲರೆದುರೇ ಅಲ್ಲವಾ?”

ಮಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಣ್ಣು ಕೆಂಪಗೆ ಮಾಡಿದರು. ನಾನು ಕದಲಲಿಲ್ಲ. ಬದರಿನಾಥರು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

“ಸೆರಿ. ಎಲ್ಲರೆದುರೇ ಕೇಳ್ತೀನಿ. ಬಾ.”

ಸೊಂಟಕ್ಕೆ ಸುತ್ತಿದ್ದ ಚೌಕದ ಬಟ್ಟೆ ಬಿಚ್ಚಿ ರುಬ್ಬುಗಲ್ಲಿನ ಮೇಲೆ ಹಾಕಿದೆ. ಹಿಟ್ಟು ಅರ್ಧಕ್ಕೇ ನಿಂತಿತ್ತು.