ಹಂದಿಯ ಸುದ್ದಿ ಹಿಡಿದವಳು

"ತಲೆ ಸ್ವಲ್ಪ ಎತ್ತಿ ಹಿಡ್ಕೊಳ್ರೀ," ಎಂದು ಗಂಡನಿಗೆ ಹೇಳಿ ತಂಗಿ ಅಕ್ಕನ ಹಿಂಗೂದಲಿಗೆ ಬಾಚಣಿಗೆ ಹಾಕಿದಳು. ಬದುಕಿದ್ದಾಗ ಅಕ್ಕ ಯಾರಿಗೂ ತಲೆ ಮುಟ್ಟಲು ಬಿಟ್ಟವಳಲ್ಲ.

"ಜ್ವರ ನೋಡೋಕೆ ಬಂದ ನರ್ಸಿಗೇ, ಹಂದಿಗೆ ಎಷ್ಟು ಡಿಗ್ರಿ ಇರುತ್ತೆ ಅಂತ ಪಾಠ ಮಾಡಿದ್ರಂತೆ," ಎಂದ ಗಂಡ.

ತಂಗಿಗೆ ನಗು ಬಂತು. ನಕ್ಕೆನಲ್ಲ ಎಂದು ಅಳುವೂ ಬಂತು. "ನನ್ನ ಮದುವೆ ದಿನಾನೂ ಅವಳಿಗೆ ಅದೇ ಹಂದಿ, ಅದೇ ಪ್ರಯೋಗಾಲಯದ ಗುಂಗು."

*

ಅಂದು ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತಾಗ ಅಕ್ಕ ಇರಲಿಲ್ಲ. ಸಂಜೆ ಏದುಸಿರು ಬಿಡುತ್ತಾ ಬಂದಳು.

"ನನಗಿಂತ ಹಂದಿ ಹೆಚ್ಚಾಯ್ತಾ ನಿನಗೆ?"

"ಹಂದಿ ಅಲ್ವೇ, ಜೀವಕೋಶ. ಪ್ರಯೋಗದ ತಟ್ಟೆಯ ಅಷ್ಟೂ ಗುಳಿಗಳಲ್ಲಿ ಒಂದೇ ಒಂದರಲ್ಲಿ ನನಗೆ ಬೇಕಾದ ಕೋಶ ಬದುಕಿತ್ತು. ಇವತ್ತು ಆಹಾರ ಹಾಕದಿದ್ರೆ ಸತ್ತೇಹೋಗ್ತಿತ್ತು."

ಆಮೇಲೆ ಎಷ್ಟೋ ಕಾಲ ತಂಗಿ ಅಕ್ಕನೊಂದಿಗೆ ಮಾತು ಬಿಟ್ಟಿದ್ದಳು. ಅಕ್ಕ ಪ್ರತಿ ವಾರವೂ ಬಂದು, ಅಡುಗೆಮನೆಯ ಬಾಗಿಲಲ್ಲಿ ಕೂತು, ತಾನೇ ಮಾತಾಡಿ ಎದ್ದುಹೋಗುತ್ತಿದ್ದಳು.

*

ಮಣ್ಣು ಮಾಡಿ ಎಲ್ಲರೂ ಚದುರಿದರು. ಅಕ್ಕನ ಜೊತೆ ದುಡಿದ ಪಶುವೈದ್ಯರು ಮಾತ್ರ ಗೇಟಿನ ಹತ್ತಿರ ಕಾರಿನ ಕೀಲಿಯನ್ನು ತಿರುವುತ್ತಾ ನಿಂತಿದ್ದರು.

"ಹೊರಡಬೇಕಿತ್ತೇನೋ ಡಾಕ್ಟ್ರೇ?" ಎಂದು ತಂಗಿ ಕೇಳಿದಳು.

"ಹೇಗೆ ಹೇಳೋದಮ್ಮ... ಪ್ರಯೋಗಾಲಯದಲ್ಲಿ ಕೋಶಗಳಿಗೆ ಆಹಾರ ಬದಲಿಸಬೇಕು. ಇವತ್ತೇ."

"ಯಾವ ಕೋಶ?"

"ನಿಮ್ಮ ಮದುವೆ ದಿನ ಮೇಡಂ ಉಳಿಸಿದ್ರಲ್ಲ, ಅದರ ಸಂತತಿ."

ತಂಗಿಯ ಮುಖ ಬಿಗಿಯಿತು. "ಅದರಿಂದ ಏನಾಯ್ತು? ಅವಳು ಹೇಳಿದ್ದನ್ನ ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ."

ಅವರು ಕೀಲಿಯನ್ನು ಜೇಬಿಗಿಟ್ಟರು. "ರೋಗ ಬಂದಾಗ ಮೈಯೊಳಗಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಪ್ರೋಟೀನೇ ಆ ಸುದ್ದಿ. ಅದನ್ನ ಹಿಡಿದು ತೋರಿಸೋ ಪ್ರತಿಕಾಯಗಳು, ಅಂದ್ರೆ ಆಂಟಿಬಾಡಿಗಳು, ಮನುಷ್ಯರ, ಇಲಿಗಳ ಪ್ರೋಟೀನಿಗೆ ಬೇಕಾದಷ್ಟಿದ್ದವು. ಅವು ಹಂದಿಯ ಪ್ರೋಟೀನಿಗೆ ಅಂಟ್ತಿರಲಿಲ್ಲ. ಅಂಟೋ ಪ್ರತಿಕಾಯ ತಯಾರಿಸಿದ್ದು ಆ ಕೋಶಗಳು. ಈಗ ಲಸಿಕೆ ಹಾಕಿದ ಹಂದಿಮರಿಯ ರಕ್ತದಲ್ಲಿ ಆ ಸುದ್ದಿ ಹೊರಟಿದೆಯಾ ಅಂತ ಅದರಿಂದಲೇ ನೋಡ್ತೀವಿ."

ಅವಳು ಗೇಟು ತೆಗೆದು, "ನಡೀರಿ, ನಾನೂ ಬರ್ತೀನಿ," ಎಂದಳು.

ಪ್ರಯೋಗಾಲಯದಲ್ಲಿ ಅವರು ಹಳೆಯ ದ್ರವ ತೆಗೆದು ಗುಲಾಬಿ ಬಣ್ಣದ ಹೊಸ ದ್ರವ ಹಾಕಿದರು. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕಕ್ಕೆ ಸರಿದರು. ತಂಗಿ ಬಗ್ಗಿದಳು. ದುಂಡನೆಯ ಹೊಳೆಯುವ ಕೋಶಗಳು ಗುಂಪುಗೂಡಿದ್ದವು. ಅಂಚಿನಲ್ಲೊಂದು, ನಡುವೆ ಸಣ್ಣಗಾಗುತ್ತಾ, ಎರಡಾಗಲು ಹೊರಟಿತ್ತು.

"ಅದಕ್ಕೆ ಹೊತ್ತು ಹಿಡಿಯುತ್ತಮ್ಮ," ಎಂದರು ವೈದ್ಯರು.

ಅವಳು ಕಣ್ಣು ತೆಗೆಯದೆ, ಕಾಲಿನಿಂದಲೇ ತಡಕಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.